ಹಿಂಗೈಯಿಂದ ಮುಟ್ಟಿದ ಮನೆ

ಏಪ್ರಿಲ್ ೧೯, ಭಾನುವಾರ, ಬೆಳಿಗ್ಗೆ ೭ ಗಂಟೆ ೪೦ ನಿಮಿಷ. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಈ ಅಧ್ಯಾಯ ಬರೆಯಲು ಶುರು ಮಾಡಿದ್ದೇನೆ. ಎದುರಿಗೆ ನಾನು ಹನ್ನೊಂದು ವರ್ಷದವಳಿದ್ದಾಗ ಬರೆದಿಟ್ಟ ನೋಟ್‌ಬುಕ್ ಇದೆ. ಮೊದಲ ಅರ್ಧದಲ್ಲಿ ಶಾಲೆಯ ಗಣಿತ. ಆಮೇಲೆ ಗೆರೆ ಎಳೆದು ಮಾಡಿದ ಒಂದು ಕೋಷ್ಟಕ: ಎಷ್ಟನೆಯ ದಿನ, ಯಾವ ಸಾಮಾನು, ಯಾರಿಗೆ, ಎಷ್ಟು ಸಲ. ಮೇಲೆ ದಪ್ಪ ಅಕ್ಷರದಲ್ಲಿ ‘ಜುಮ್’ ಎಂದು ಬರೆದು ಕೆಳಗೆ ಎರಡು ಅಡ್ಡಗೆರೆ. ಹತ್ತು ದಿನಗಳಲ್ಲಿ ಒಟ್ಟು ಮೂವತ್ತೈದು. ಈಗ ಮತ್ತೊಮ್ಮೆ ಕೂಡಿಸಿ ನೋಡಿದೆ, ಮೂವತ್ತೈದೇ. ಕೊನೆಯ ದಿನದ್ದು ಒಂದೇ ಒಂದು, ಮತ್ತು ಅದರ ಮುಂದೆ ‘ಯಾರಿಗೆ’ ಎಂಬ ಜಾಗ ಖಾಲಿ ಇದೆ. ಆ ಹೆಸರು ಬರೆಯಲು ನನ್ನಿಂದ ಆಗಿರಲಿಲ್ಲ.

ನಮ್ಮ ಮನೆಗೆ ಹೊಸ ಸಾಮಾನು ಬರುವುದು ಅಪರೂಪವಾಗಿತ್ತು. ಅಜ್ಜ ಮುಂಜಾನೆ ಪೌರೋಹಿತ್ಯಕ್ಕೆ ಹೋಗಿ ಬಂದು, ಊಟ ಮಾಡಿ, ಪಡಸಾಲೆಯ ಕಿಟಕಿಯ ಕೆಳಗೆ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಿದ್ದರು. ಪಂಚಾಂಗ ಇಡುವ ಪೆಟ್ಟಿಗೆಯಲ್ಲೇ ಫ್ಯಾನಿನ ಕಂಡೆನ್ಸರು, ಮಿಕ್ಸರಿನ ಬುಶ್ಶು, ಇಸ್ತ್ರಿಪೆಟ್ಟಿಗೆಯ ಒಳಗೆ ಹಾಕುವ ಅಭ್ರಕದ ಹಾಳೆ, ಸೈಕಲ್ ಟ್ಯೂಬಿನ ತುಂಡುಗಳು ಇರುತ್ತಿದ್ದವು. ನವರಾತ್ರಿಯ ಖಂಡೇ ಪೂಜೆಯ ದಿನ ಪ್ರತಿಯೊಂದಕ್ಕೂ ಗಂಧ, ಅಕ್ಷತೆ. ಮನೆಗಿಂತ ಹಳೆಯದಾಗಿ ಕಾಣುತ್ತಿದ್ದದ್ದು ಫ್ರಿಜ್. ತಿಳಿನೀಲಿ ಬಣ್ಣ, ಒಂದೇ ಬಾಗಿಲು. ಅದು ನಮಗಿಂತ ಮೊದಲು ಯಾವುದೋ ಔಷಧದ ಅಂಗಡಿಯಲ್ಲಿತ್ತು. ಬಾಗಿಲಿನ ರಬ್ಬರು ಹರಿದ ಕಡೆ ಅಜ್ಜ ಟ್ಯೂಬ್ ಅಂಟಿಸಿದ್ದರು. ಪ್ಲಾಸ್ಟಿಕ್ಕಿನ ಹಿಡಿಕೆ ಮುರಿದಾಗ ಕಪಾಟಿಗೆ ಹಾಕುವ ಸ್ಟೀಲಿನ ಹಿಡಿಕೆ ತಂದು, ತಗಡಿಗೆ ತೂತು ಕೊರೆದು, ಎರಡು ಸ್ಕ್ರೂ ಬಿಗಿದಿದ್ದರು. ಆ ಹಿಡಿಕೆಯ ಬಗ್ಗೆ ಅವರಿಗೆ ಹೆಮ್ಮೆ ಇತ್ತು. ಬಂದವರೆಲ್ಲ ಒಮ್ಮೆ ಅದನ್ನು ಎಳೆದು ನೋಡಬೇಕಿತ್ತು.

ನಡೆಯಲು ಕಲಿತ ಮೇಲೆ ನನಗೆ ಅವರು ಕಲಿಸಿದ ಮೊದಲ ನಿಯಮ, ಕರೆಂಟಿನ ಯಾವ ಸಾಮಾನನ್ನೂ ಮೊದಲು ಅಂಗೈಯಿಂದ ಮುಟ್ಟಬಾರದು ಎಂಬುದು.

"ಅಂಗೈಯಿಂದ ಮುಟ್ಟಿದ್ರ ಕರೆಂಟು ಕೈನ ಮುಚ್ಚಿಸ್ತದ. ಬಿಡಂದ್ರ ಬಿಡೂದಿಲ್ಲ. ಹಿಂಗೈ ಮುಟ್ಟಿಸು. ಜುಮ್ ಅಂದ್ರ ಕೈ ತಾನ ಹಿಂದ ಬರ್ತದ."

ಹಾಗಾಗಿ ನಾನು ಫ್ರಿಜ್ಜನ್ನೂ ಫ್ಯಾನನ್ನೂ, ಜ್ವರ ಬಂದವರ ಹಣೆ ನೋಡುವಂತೆ, ಬೆರಳ ಹಿಂಬದಿಯಿಂದ ಮುಟ್ಟಿಯೇ ಬೆಳೆದೆ. ಒಂದು ಸಲವೂ ಜುಮ್ ಎಂದಿರಲಿಲ್ಲ. ಅಜ್ಜನದು ಬರೀ ಹೆದರಿಕೆ ಎಂದು ಅವ್ವ ನಗುತ್ತಿದ್ದಳು.

ಅಜ್ಜಿ ತೀರಿಕೊಂಡ ಮೇಲೆ ಹಿತ್ತಲಿನ ತುಳಸಿ ಅಜ್ಜನ ಪಾಲಿಗೆ ಬಂದಿತ್ತು. ದಿನಾ ಸ್ನಾನ ಮುಗಿಸಿ ಎರಡು ತಂಬಿಗೆ ನೀರು ಒಯ್ಯುತ್ತಿದ್ದರು. ಒಂದು ತುಳಸಿಗೆ. ಇನ್ನೊಂದನ್ನು ಕಟ್ಟೆಯ ಬದಿಗೆ, ನೆಲದಿಂದ ನಾಲ್ಕು ಬೆರಳು ಮೇಲೆ ಕಾಣುತ್ತಿದ್ದ ತುಕ್ಕು ಹಿಡಿದ ಕಬ್ಬಿಣದ ಪೈಪಿನ ಬುಡಕ್ಕೆ ಸುರಿಯುತ್ತಿದ್ದರು. ಅದಕ್ಕೇಕೆ ಎಂದು ನಾನು ಕೇಳಿದ್ದು ನೆನಪಿದೆ.

"ಅದಕ್ಕೂ ನೀರಡಿಕಿ ಆಗ್ತದ, ಪಮ್ಮೀ," ಎಂದಿದ್ದರು. ನಾನು ಅದನ್ನು ಯಾವುದೋ ಸಣ್ಣ ದೇವರು ಎಂದುಕೊಂಡು ಸುಮ್ಮನಾದೆ.

ಅಜ್ಜ ತೀರಿಹೋದದ್ದು ಬಿಸಿಲುಗಾಲದಲ್ಲಿ, ಹೊರಗೆ ಎರೆಮಣ್ಣು ಬಾಯಿ ಬಿಡುವ ದಿನಗಳಲ್ಲಿ. ಅದಕ್ಕೆ ಒಂದು ವಾರ ಮುಂಚೆ ನಾನು ಅವರೊಡನೆ ಒಂದು ಮಾತು ಆಡಿದ್ದೆ. ಗೆಳತಿಯರು ಮನೆಗೆ ಬಂದು ಫ್ರಿಜ್ಜಿನ ಹಿಡಿಕೆ ನೋಡಿ ನಕ್ಕಿದ್ದರು. ಅವರು ಹೋದ ಮೇಲೆ ಅಜ್ಜನ ಮುಂದೆ ನಿಂತು, "ಇದನ್ನ ಗುಜರಿಗೆ ಹಾಕ್ರಿ, ನನಗ ನಾಚಿಕಿ ಆಗ್ತದ," ಎಂದಿದ್ದೆ. ಅಜ್ಜ ಪಂಚಾಂಗದ ಪೆಟ್ಟಿಗೆ ಮುಚ್ಚಿ ಎದ್ದು ಹೋದರು. ಆಮೇಲೆ ಅವರೊಡನೆ ನನ್ನ ಮಾತೇ ಆಗಲಿಲ್ಲ. ಮುಂದೆ ನಡೆದದ್ದಕ್ಕೆಲ್ಲ ನನಗೆ ಕಾರಣ ಇದೇ ಅನ್ನಿಸಿತು.

ಸೂತಕದ ಮೊದಲ ದಿನ ಮಧ್ಯಾಹ್ನವೇ ಮುರಗೋಡದಿಂದ ದೊಡ್ಡವ್ವ ಬಂದಳು. ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಎಂದೋ ತೀರಿಹೋಗಿದ್ದರು. ಮನೆಯ ಆಚಾರವೆಲ್ಲ ದೊಡ್ಡವ್ವನ ನಾಲಿಗೆಯ ಮೇಲಿತ್ತು. ಬಂದವಳೇ ದೇವರ ಪೆಟ್ಟಿಗೆ ಮುಚ್ಚಿಸಿದಳು, ಹಿತ್ತಲಿನ ಬಾಗಿಲಿಗೆ ಅಗಳಿ ಹಾಕಿಸಿದಳು.

"ಹತ್ತು ದಿವಸ ತುಳಸಿ ಕಟ್ಟಿ ಕಡೆ ಯಾರೂ ಹಾಯೂಹಂಗಿಲ್ಲ. ಮೈಲಿಗಿ ಮನಿ ಇದು. ಹುಡುಗೀ, ನಿನಗೂ ಹೇಳ್ಲಿಕ್ಕತ್ತೇನಿ."

ಮೂರನೆಯ ದಿನ ಬೆಳಿಗ್ಗೆ ನಾನು ನೀರು ಕುಡಿಯಲು ಫ್ರಿಜ್ಜಿನ ಹತ್ತಿರ ಹೋದೆ. ಅಭ್ಯಾಸದಂತೆ ಹಿಂಗೈ ಇಟ್ಟೆ. ಬೆರಳಿನೊಳಗೆ ಇರುವೆಗಳು ಓಡಿದಂತಾಗಿ ಕೈ ಹಿಂದಕ್ಕೆ ಹಾರಿತು. ಮತ್ತೆ ಇಡಲು ಧೈರ್ಯ ಬರಲಿಲ್ಲ. ಫ್ರಿಜ್ ಎಂದಿನಂತೆ ಗುಂಯ್ ಎನ್ನುತ್ತಿತ್ತು. ಅದು ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಬಾಯಾರಿಕೆಯಲ್ಲೇ ಪಡಸಾಲೆಗೆ ಬಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಮೂರನೆಯ ದಿನ, ಫ್ರಿಜ್, ನನಗೆ, ಒಂದು.

ನಾಲ್ಕನೆಯ ದಿನ ಎರಡು. ಒಂದು ಫ್ರಿಜ್ಜಿನದು, ಇನ್ನೊಂದು ತಗಡಿನ ಮೈಯ ಮಿಕ್ಸರಿನದು. ಅಪ್ಪ ಅವತ್ತೇ ಮಿಕ್ಸರ್ ಬಿಚ್ಚಿದರು. ಮಾರುಕಟ್ಟೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಅಜ್ಜನ ಕೈಚಳಕ ಇರಲಿಲ್ಲ, ಆದರೆ ಅಜ್ಜನಂತೆಯೇ ಕಿಟಕಿಯ ಕೆಳಗೆ ಕೂತು, ಅಜ್ಜನ ಸ್ಕ್ರೂಡ್ರೈವರನ್ನೇ ಹಿಡಿದರು. ಬೆಳಿಗ್ಗೆ ಕ್ರಿಯಾಕರ್ಮ, ಮಧ್ಯಾಹ್ನ ದುರಸ್ತಿ. ಐದನೆಯ ದಿನ ಮಿಕ್ಸರ್ ಬಿಚ್ಚಿಟ್ಟಿದ್ದರೂ ಇಸ್ತ್ರಿಪೆಟ್ಟಿಗೆ ಜುಮ್ ಎಂದಿತು. ಇಸ್ತ್ರಿಪೆಟ್ಟಿಗೆ ಬಿಚ್ಚಿದರು. ಆರನೆಯ ದಿನ ಟೇಬಲ್ ಫ್ಯಾನು. ಒಂದನ್ನು ಬಿಚ್ಚಿದರೆ ಅದು ಇನ್ನೊಂದಕ್ಕೆ ಹೋಗಿ ಕೂರುತ್ತಿತ್ತು. ನನ್ನ ಕೋಷ್ಟಕದಲ್ಲಿ ಅದು ಮನೆಯೊಳಗೆ ಅಡ್ಡಾಡುವುದು ಕಾಣುತ್ತಿತ್ತು: ಅಡುಗೆಮನೆ, ಪಡಸಾಲೆ, ಮತ್ತೆ ಅಡುಗೆಮನೆ. ಅಜ್ಜನೂ ದಿನಾ ಅಡ್ಡಾಡುತ್ತಿದ್ದದ್ದು ಅದೇ ದಾರಿಯಲ್ಲಿ.

ಫ್ಯಾನಿನಿಂದ ಜುಮ್ ಅನ್ನಿಸಿಕೊಂಡ ದೊಡ್ಡವ್ವ ಕೈ ಕೊಡವಿಕೊಂಡು ಅವ್ವನಿಗೆ ಹೇಳಿದಳು:

"ಮಾವನವರ ಜೀವ ಇನ್ನೂ ಇದರಾಗ ಅದ ನೋಡು. ಇಷ್ಟು ವರ್ಷ ಎಬ್ಬಿಸಿ ಕುಂಡ್ರಿಸಿದ ಸಾಮಾನ, ಬಿಟ್ಟು ಹೆಂಗ ಹೋಗ್ತಾರ?"

"ಸುಮ್ಮನಿರ್ರಿ ಅಕ್ಕಾ, ಹುಡುಗಿ ಕೇಳ್ಲಿಕ್ಕತ್ತದ," ಎಂದಳು ಅವ್ವ.

ಹುಡುಗಿ ಕೇಳಿಯಾಗಿತ್ತು. ಗುಜರಿಗೆ ಹಾಕ್ರಿ ಎಂದವಳು ನಾನು. ಅಜ್ಜ ಹುಡುಕುತ್ತಿರುವುದು ನನ್ನನ್ನೇ.

ಅಂದಿನಿಂದ ನಾನು ಸ್ವಿಚ್ಚು ಮುಟ್ಟುವುದನ್ನು ಬಿಟ್ಟೆ. ಬಚ್ಚಲಿಗೆ ಕತ್ತಲಲ್ಲೇ ಹೋದೆ. ಆದರೆ ನನ್ನ ಭಯ ಬೇಗ ಜಾಗ ಬದಲಿಸಿತು. ನಾನು ಬೇಕಾದರೆ ದೂರ ಇರಬಹುದು, ಅವ್ವ ಇರಲಾರಳು. ಅವಳ ಕೈ ಯಾವಾಗಲೂ ಒದ್ದೆ, ಕಾಲು ಬರಿಗಾಲು, ನೆಲ ಕಲ್ಲಿನದು. ರಬ್ಬರಿನ ಚಪ್ಪಲಿ ಹಾಕಿಕೋ ಎಂದು ನಾನು ತಂದಿಟ್ಟೆ. ಅಡುಗೆಮನೆಯಲ್ಲಿ ಚಪ್ಪಲಿ ಎಂದ ಕೂಡಲೇ ದೊಡ್ಡವ್ವ ಅದನ್ನು ಕಸಬರಿಗೆಯಿಂದ ಹೊರಗೆ ತಳ್ಳಿದಳು. ಕೊನೆಗೆ ಅವ್ವ ಊಟಕ್ಕೆ ಕೂರುವ ಮರದ ಮಣೆಯೊಂದನ್ನು ಫ್ರಿಜ್ಜಿನ ಮುಂದೆ ಹಾಕಿಕೊಂಡಳು. ಅದರ ಮೇಲೆ ನಿಂತರೆ ಜುಮ್ ಅನ್ನುತ್ತಿರಲಿಲ್ಲ. ನಾನು ಪಡಸಾಲೆಯಲ್ಲಿ ಕೂತು ಅವಳ ಗಾಜಿನ ಬಳೆಯ ಸಪ್ಪಳ ಕೇಳುತ್ತಿದ್ದೆ. ಸಪ್ಪಳ ನಿಂತರೆ ಒಂದು, ಎರಡು ಎಂದು ಎಣಿಸುತ್ತಿದ್ದೆ. ಇಪ್ಪತ್ತಾದರೆ ಎದ್ದು ಹೋಗಿ ನೋಡುವುದು ಎಂದು ಗೊತ್ತು ಮಾಡಿಕೊಂಡಿದ್ದೆ. ಹಪ್ಪಳದ ಡಬ್ಬಿ ಹುಡುಕುವಾಗ ಅವಳು ಒಮ್ಮೆ ಹತ್ತೊಂಬತ್ತರವರೆಗೆ ಸುಮ್ಮನಿದ್ದಳು. ಅದೂ ನೋಟ್‌ಬುಕ್ಕಿನಲ್ಲಿದೆ.

ಏಳನೆಯ ದಿನ ಅಪ್ಪ ಫ್ರಿಜ್ಜಿನ ವೈರು ಕಿತ್ತು, ಹಿಂಬದಿಯ ತಗಡು ಬಿಚ್ಚಿ, ದಿನವಿಡೀ ಧೂಳು ಒರೆಸಿದರು. ಅವತ್ತು ಇಡೀ ಮನೆಯಲ್ಲಿ ಸೊನ್ನೆ. ಸಂಜೆ ಮತ್ತೆ ಜೋಡಿಸಿ ಸ್ವಿಚ್ಚು ಹಾಕಿ, ನಮ್ಮನ್ನೆಲ್ಲ ಕರೆದು, "ಆತು ನೋಡ್ರಿ, ಸರಿಹೋತು," ಎಂದರು. ಏಳು ದಿನಗಳಲ್ಲಿ ಅವರ ಮುಖ ಒಮ್ಮೆ ತಿಳಿಯಾದದ್ದು ಆಗ. ಎಂಟನೆಯ ದಿನ ಒಂಬತ್ತು. ನಾನು ನೋಟ್‌ಬುಕ್ ಒಯ್ದು ಅವರ ಮುಂದೆ ಹಿಡಿದೆ. ಫ್ರಿಜ್ ಬಂದ್ ಇದ್ದ ದಿನ ಯಾವುದೂ ಜುಮ್ ಅಂದಿಲ್ಲ ಎಂದು ಬೆರಳಿಟ್ಟು ತೋರಿಸಿದೆ. ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು:

"ಹುಡುಗಿ ಹೇಳೂದು ಖರೇ ಅದ. ಅದನ್ನ ಬಂದ್ ಇಡ್ರಿ. ಬೇಕಾದ್ರ ಮಾರಿಬಿಡ್ರಿ, ಸಣ್ಣದೊಂದು ಹೊಸಾದು ತರೋಣು."

"ಇಪ್ಪತ್ತು ವರ್ಷ ನಡಿಸ್ಯಾರ ಅಪ್ಪ ಇದನ್ನ. ಒಬ್ಬರಿಗೂ ಏನೂ ಆಗಿಲ್ಲ. ಅವರು ಹೋಗಿ ಎಂಟು ದಿವಸ ಆಗಿಲ್ಲ, ನಾ ಇದನ್ನ ಗುಜರಿಯವಗ ಕೊಡ್ಲೇನು? ಹದಿಮೂರನೇ ದಿನದ ಹಾಲು ಮೊಸರು ಎಲ್ಲಿ ಇಡ್ತಿ, ಈ ಬಿಸಲಾಗ?"

"ನನಗೇನರೆ ಆದ್ರ?"

"ಮಣಿ ಅದ ಅಲ್ಲ, ಮಣಿ ಮ್ಯಾಲೆ ನಿಂದ್ರು."

ಒಂಬತ್ತನೆಯ ದಿನ ಹನ್ನೊಂದು. ಅದರಲ್ಲಿ ಒಂದು, ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಯದು.

ಹತ್ತನೆಯ ದಿನ ಎಲ್ಲರಿಗೂ ತಲೆಸ್ನಾನ. ಮನೆಯಲ್ಲಿದ್ದ ಬಟ್ಟೆಯೆಲ್ಲ ನೀರಿಗೆ, ನೆಲವೆಲ್ಲ ನೀರು. ಅಪ್ಪ ನಸುಕಿನಲ್ಲೇ ಪುರೋಹಿತರ ಜೊತೆ ಊರ ಹೊರಗೆ ಕರ್ಮಕ್ಕೆ ಹೋಗಿದ್ದರು. ಅಲ್ಲಿ ಕೂರಲು ಬೇಕೆಂದು ಮಣೆಗಳನ್ನೆಲ್ಲ ಚೀಲದಲ್ಲಿ ಒಯ್ದಿದ್ದರು. ಫ್ರಿಜ್ಜಿನ ಮುಂದಿನದನ್ನೂ. ಅದು ನನಗೆ ಗೊತ್ತಾದದ್ದು ಬಳೆ ಸಪ್ಪಳ ನಿಂತ ಮೇಲೆ.

ಎಣಿಸಲು ಶುರು ಮಾಡಿದೆ. ನಾಲ್ಕಕ್ಕೆ ಫ್ರಿಜ್ಜಿನ ಬಾಗಿಲು ಕಟಕಟ ಅನ್ನುವುದು ಕೇಳಿಸಿತು. ಇಪ್ಪತ್ತರ ನಿಯಮ ಮರೆತು ಓಡಿದೆ. ಅವ್ವ ಒದ್ದೆ ಸೀರೆಯಲ್ಲಿ, ಒದ್ದೆ ಕಲ್ಲಿನ ಮೇಲೆ ನಿಂತಿದ್ದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಸ್ಟೀಲಿನ ಹಿಡಿಕೆಯ ಸುತ್ತ ಅವಳ ಅಂಗೈ ಮುಚ್ಚಿಕೊಂಡಿತ್ತು. ಬಾಯಿ ಸ್ವಲ್ಪ ತೆರೆದಿತ್ತು, ದನಿ ಇರಲಿಲ್ಲ. ಕಣ್ಣು ನನ್ನ ಕಡೆಗಿತ್ತು. ಅವಳನ್ನು ಹಿಡಿದು ಎಳೆಯಬೇಕು ಅನ್ನಿಸಿತು, ಅಜ್ಜನ ಮಾತು ನನ್ನ ಕೈ ತಡೆಯಿತು. ಬಾಗಿಲ ಕಡೆಗೆ ಓಡಿ, ಬೆಂಚು ಹತ್ತಿ, ಮೇನ್ ಸ್ವಿಚ್ಚಿನ ಮುಂದೆ ನಿಂತೆ. ಒಂಬತ್ತನೆಯ ದಿನದ ಜುಮ್ ಆ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಮುಟ್ಟಲಾರೆ. ಕೈಯಲ್ಲಿ ನೋಟ್‌ಬುಕ್ ಇತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಪೆಟ್ಟಿಗೆಯ ಹಿಡಿಯ ಮೇಲೆ ಹೊಡೆದೆ. ಎರಡನೆಯ ಏಟಿಗೆ ಹಿಡಿ ಕೆಳಗೆ ಬಿತ್ತು.

ಫ್ಯಾನು ನಿಧಾನವಾಯಿತು. ಫ್ರಿಜ್ಜಿನ ಗುಂಯ್ ನಿಂತಿತು. ಆಮೇಲೆ ಬಳೆ ಸಪ್ಪಳವಾಯಿತು, ಅವ್ವ ಕುಸಿದು ಕೂರುವಾಗ ಕೈ ನೆಲಕ್ಕೆ ತಾಗಿದ ಸಪ್ಪಳ. ಎರಡು ಬಳೆ ಒಡೆದಿದ್ದವು. ದೊಡ್ಡವ್ವ ಬಚ್ಚಲಿನಿಂದ ಓಡಿ ಬಂದು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅವ್ವನ ಎರಡು ಬೆರಳ ಒಳಬದಿ ಬೆಳ್ಳಗೆ ಸುಟ್ಟಿತ್ತು.

"ಪಮ್ಮಿಗೆ ಏನೂ ಆಗಿಲ್ಲಲ್ಲ?" ಎಂದಳು ಅವ್ವ. ಅವಳ ಮೊದಲ ಮಾತು ಅದು.

ಅರ್ಧ ಗಂಟೆಯ ಮೇಲೆ ಅಂಗಳದಲ್ಲಿ ಯಾರೋ ಕೆಮ್ಮಿದರು. ಎಂ.ಕೆ. ಹುಬ್ಬಳ್ಳಿ ಕಡೆಯ ಪರಸಪ್ಪ, ನಮ್ಮ ಮನೆಗೆ ವೈರಿಂಗ್ ಮಾಡಿದವರು. ಅಜ್ಜ ಹೋದ ಸುದ್ದಿ ತಡವಾಗಿ ತಿಳಿದು, ಮಾತಾಡಿಸಲು ಬಸ್ಸಿನಲ್ಲಿ ಬಂದಿದ್ದರು. ಅವ್ವನ ಬೆರಳು ನೋಡಿದ ಮೇಲೆ ಅವರು ಸಮಾಧಾನದ ಮಾತು ಆಡಲಿಲ್ಲ. ಯಾರೂ ಏನೂ ಮುಟ್ಟಬಾರದೆಂದು ಹೇಳಿ ಮೇನ್ ಹಾಕಿ, ಜೇಬಿನ ಟೆಸ್ಟರನ್ನು ಫ್ರಿಜ್ಜಿನ ಮೈಗೆ ಹಿಡಿದರು. ಕೆಂಪಗೆ ಹೊತ್ತಿತು. ಫ್ಯಾನಿಗೆ ಹಿಡಿದರು, ಹೊತ್ತಿತು. ಮಿಕ್ಸರಿಗೂ ಹೊತ್ತಿತು. ಮೇನ್ ತೆಗೆದು, ಹಿತ್ತಲಿನ ಬಾಗಿಲ ಅಗಳಿಯ ಕಡೆ ನೋಡಿದರು.

"ಇದನ್ನ ಎಂದ ಹಾಕೀರಿ, ಅವ್ವಾರ?"

"ಹತ್ತು ದಿವಸ ಆತು. ಸೂತಕ ಅಲ್ಲೇನಪಾ," ಎಂದಳು ದೊಡ್ಡವ್ವ.

ಅಗಳಿ ತೆಗೆಸಿ ಅವರು ಕಟ್ಟೆಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಬಿಸಿಲಿಗೆ ಎರೆಮಣ್ಣು ಬಿರಿದು ಪೈಪಿನ ಸುತ್ತ ಬಳೆಯಂತೆ ಸಂದು ಬಿಟ್ಟಿತ್ತು. ಅವರು ಒಂದು ಬೇವಿನ ಕಡ್ಡಿಯನ್ನು ಅದರೊಳಗೆ ಇಳಿಸಿದರು. ಗೇಣುದ್ದದ ಕಡ್ಡಿ ಪೂರ್ತಿ ಇಳಿಯಿತು. ಅಷ್ಟರಲ್ಲಿ ಅಪ್ಪ ಬಂದರು. ಬೋಳಿಸಿದ ತಲೆ, ಒದ್ದೆ ಧೋತರ, ಕೈಯಲ್ಲಿ ಮಣೆಗಳ ಚೀಲ. ಪರಸಪ್ಪ ಕೂತಲ್ಲಿಂದಲೇ ಹೇಳಿದರು:

"ರಾಯರ, ಮನ್ಯಾಗ ಇರೂ ಕರೆಂಟಿನ ಸಾಮಾನ ಎಲ್ಲಾದರದೂ ಅರ್ಥಿಂಗ್ ವೈರ್ ಈ ಪೈಪಿಗೇ ಬಂದೈತ್ರಿ. ಕರೆಂಟ್ ಸೋರಿದ್ರ ಇಲ್ಲಿ ನೆಲಕ್ಕ ಹೋಗಬೇಕು. ನೆಲಾ ಒಣಗಿತಂದ್ರ ಅದಕ್ಕ ಹಾದಿ ಇಲ್ಲ. ತಿರಿಗಿ ಎಲ್ಲಾ ಸಾಮಾನಕ್ಕೂ ಬರತೈತಿ."

"ಕೆಟ್ಟದ್ದು ಯಾವುದು ಹಂಗಾದ್ರ?"

"ಫ್ರಿಜ್ರಿ. ನಿನ್ನೆ ಮೊನ್ನೆ ಕೆಟ್ಟದ್ದಲ್ಲ. ಎಷ್ಟು ವರ್ಷದಿಂದ ಸೋರಾಕತ್ತೈತೋ ಏನೋ. ಆಚಾರ್ರು ಹಾಕಿದ ನೀರು ಅದನ್ನ ಒಯ್ಯತಿತ್ತು."

ಅವರು ಕೊಡ ತರಲು ಹೇಳಿದರು. ದೊಡ್ಡವ್ವ ಬಾಗಿಲಲ್ಲಿ ಅಡ್ಡ ನಿಂತಳು. ಅವಳ ದನಿ ಜೋರಿರಲಿಲ್ಲ.

"ಪರಸಪ್ಪಾ, ತುಳಸಿ ಕಟ್ಟಿ ಅದು. ನೀ ನೀರು ಹಾಕೂದಂದ್ರ…"

"ನಾ ತುಳಸಿಗೆ ಹಾಕಾಕತ್ತಿಲ್ರೀ ಅವ್ವಾರ, ಪೈಪಿಗೆ ಹಾಕಾಕತ್ತೇನಿ. ಅಂದೂ ನನ್ನ ಇಲ್ಲಿ ಬಿಟ್ಟುಕೊಂಡಿದ್ದಿಲ್ಲ. ನಾ ಆ ಗ್ವಾಡಿ ಆಚೆ ನಿಂತು ಹೇಳಿದ್ದೆ, ಆಚಾರ್ರು ತಾವ ಕುಣಿ ಅಗದ್ರು. ಇವತ್ತ ಅಗಿಯಾಕ ಅವರಿಲ್ಲ."

ದೊಡ್ಡವ್ವ ಒಡೆದ ಬಳೆಯ ಚೂರುಗಳ ಕಡೆ ನೋಡಿದಳು. ಆಮೇಲೆ ತಾನೇ ಹೋಗಿ ಕೊಡ ತುಂಬಿ ತಂದು ಅವರ ಕೈಗೆ ಕೊಟ್ಟಳು. ನಾಲ್ಕು ಕೊಡ ನೀರು ಬಿತ್ತು. ಮಣ್ಣು ಗುಟುಗುಟು ಸದ್ದು ಮಾಡಿ ಕುಡಿಯಿತು. ಮೇನ್ ಹಾಕಿ ಟೆಸ್ಟರ್ ಹಿಡಿದಾಗ ಫ್ಯಾನಿನಲ್ಲಿ ಬೆಳಕಿಲ್ಲ, ಮಿಕ್ಸರಿನಲ್ಲಿ ಇಲ್ಲ. ಫ್ರಿಜ್ಜಿನಲ್ಲಿ, ಕಣ್ಣು ಸಣ್ಣ ಮಾಡಿ ನೋಡಿದರೆ ಮಾತ್ರ ಕಾಣುವಷ್ಟು, ಕಿಡಿಯಂಥ ಒಂದು ಕೆಂಪು.

ಅಪ್ಪ ಕಟ್ಟೆಯ ಎದುರಿನ ಮೆಟ್ಟಿಲ ಮೇಲೆ ಕೂತರು. ಅವರಿಗೆ ಕೇಳಬೇಕಿದ್ದದ್ದು ಒಂದೇ.

"ಅಪ್ಪ ಇಲ್ಲೇ ಯಾಕ ಹಾಕಿಸಿದ್ರು, ಪರಸಪ್ಪಾ?"

"ದಿನಾ ತಪ್ಪದ ನೀರು ಬೀಳೂ ಜಾಗಾ ತೋರಸ್ರಿ ಅಂದಿದ್ದೆ. ಆಚಾರ್ರು ನಕ್ಕು ಅಂದ್ರು, ನಮ್ಮ ಮನ್ಯಾಗ ಯಾರು ಏನ ಮರತ್ರೂ ತುಳಸಿಗೆ ನೀರು ಹಾಕೂದ ಮರ್ಯಾಂಗಿಲ್ಲ ಅಂತ."

ಆ ಮಾತು ನಿಜ. ನಾವು ಯಾರೂ ಮರೆತಿರಲಿಲ್ಲ. ನೆನಪಿಟ್ಟೇ ಹತ್ತು ದಿನ ನೀರು ಹಾಕಿರಲಿಲ್ಲ. ವರ್ಷದ ದಿನಗಳನ್ನೆಲ್ಲ ಪಂಚಾಂಗದಲ್ಲಿ ಎಣಿಸಬಲ್ಲವರಿಗೆ ಸೂತಕದ ಲೆಕ್ಕ ಹೇಗೆ ತಪ್ಪಿತು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಅಜ್ಜಿ ಹೋದದ್ದು ಶ್ರಾವಣದಲ್ಲಿ. ಆ ಹತ್ತು ದಿನ ಮಳೆಯೇ ಪೈಪಿಗೆ ನೀರು ಹಾಕಿತ್ತು, ಯಾರಿಗೂ ಏನೂ ತಿಳಿಯಲಿಲ್ಲ. ತಾನಿಲ್ಲದ ಹತ್ತು ದಿನಗಳನ್ನು ಅಜ್ಜ ಎಣಿಸಿರಲಿಲ್ಲ ಅಷ್ಟೆ.

ಅವ್ವ ಗೋಡೆ ಹಿಡಿದು ಎದ್ದಳು. ಫ್ರಿಜ್ಜಿನ ಪಿನ್ನನ್ನು ಅವಳೇ ಕಿತ್ತಳು, ಹಿಂಗೈಯಿಂದ ಒಮ್ಮೆ ಮುಟ್ಟಿ ನೋಡಿದ ಮೇಲೆ. ಅಡಕತ್ತರಿ ತಂದು, ಸುಡದ ಕೈಯಿಂದ ಒತ್ತಿ, ವೈರನ್ನು ಬುಡದಲ್ಲಿ ಕತ್ತರಿಸಿದಳು. ಒಂದೇ ಸಲಕ್ಕೆ ಆಗಲಿಲ್ಲ, ಮೂರು ಸಲ ಒತ್ತಿದಳು.

"ಹೊರಗ ಹಾಕ್ರಿ ಅಂತ ನಾ ಅನ್ನೂದಿಲ್ಲ. ಮಾವನವರ ನೆನಪು, ಇಟ್ಕೊಳ್ರಿ. ಆದ್ರ ಇನ್ನ ಮ್ಯಾಲೆ ಇದು ಕಪಾಟು."

ಅಪ್ಪ ಕತ್ತರಿಸಿದ ವೈರನ್ನು ಸುತ್ತಿ ಪಂಚಾಂಗದ ಪೆಟ್ಟಿಗೆಯಲ್ಲಿಟ್ಟರು. ಹದಿಮೂರನೆಯ ದಿನದ ಹಾಲು ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಉಳಿಯಿತು.

ಆ ತಿಳಿನೀಲಿ ಕಪಾಟಿನಲ್ಲಿ ಈಗ ನನ್ನ ದಿನಚರಿಗಳಿವೆ, ಹದಿನಾಲ್ಕು. ಅಪ್ಪ ಈಗಲೂ ಸಾಮಾನು ಬಿಚ್ಚುತ್ತಾರೆ. ಮಿಕ್ಸರೂ ಫ್ಯಾನೂ ಓಡುತ್ತಿವೆ. ಮನೆಗೆ ಹೊಸ ವೈರಿಂಗ್ ಆಗಿದೆ, ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ಚಿದೆ. ಆದರೂ ನಾನು ಹಿಂಗೈ ಇಡದೆ ಯಾವುದನ್ನೂ ಮುಟ್ಟುವುದಿಲ್ಲ. ಅವ್ವನ ಬಳೆ ಸಪ್ಪಳ ನಿಂತರೆ ಈಗಲೂ ಎಣಿಸುತ್ತೇನೆ. ಹೋದ ವರ್ಷ ದೊಡ್ಡವ್ವ ತೀರಿಕೊಂಡಾಗ ಹತ್ತು ದಿನವೂ ಪೈಪಿಗೆ ನೀರು ಹಾಕಿದವಳು ನಾನು. ಬದುಕಿದ್ದಾಗ ಅವಳೇ ಹೇಳಿಟ್ಟಿದ್ದಳು, "ನಾ ಹೋದಾಗ ಪೈಪಿಗೆ ಸೂತಕ ಇಲ್ಲ, ನೆನಪಿಡು."

ಕೋಷ್ಟಕದ ಖಾಲಿ ಜಾಗದಲ್ಲಿ ಈಗ ಬರೆದೆ: ಅವ್ವನಿಗೆ. ಗಡಿಯಾರದಲ್ಲಿ ಹನ್ನೊಂದೂ ಹತ್ತು.

ಇನ್ನೊಂದು ಪಟ್ಟಿ ಬಾಕಿ ಇದೆ. ಪರಸಪ್ಪ ಕೊನೆಯ ಸಲ ಬಂದಾಗ, ಬೈಲಹೊಂಗಲ, ಕಿತ್ತೂರು, ಸವದತ್ತಿ ಕಡೆ ಇಪ್ಪತ್ತು ಮನೆಗಳಲ್ಲಿ ಹೀಗೆಯೇ ನೀರು ಬೀಳುವ ಜಾಗ ನೋಡಿ ಪೈಪು ಹೂತಿದ್ದೇನೆ ಎಂದಿದ್ದರು. ಎಲ್ಲೂ ಬರೆದಿಟ್ಟಿರಲಿಲ್ಲ. ಈಗ ಅವರೂ ಇಲ್ಲ. ಹುಡುಕಿ ಹುಡುಕಿ ನನಗೆ ಹನ್ನೊಂದು ಸಿಕ್ಕಿವೆ: ದನ ನೀರು ಕುಡಿಯುವ ದೋಣಿಯ ಪಕ್ಕ, ಬಚ್ಚಲಿನ ಮೋರಿಯ ಕೊನೆಗೆ, ಬಾವಿಯ ಕಟ್ಟೆಗೆ. ದನ ಮಾರಿದ ಮನೆಯಲ್ಲಿ ದೋಣಿ ಒಣಗಿತ್ತು. ಒಂದು ಕಡೆ ಪೈಪಿನ ಮೇಲೆ ಟೈಲ್ಸ್ ಹಾಕಿದ್ದರು. ಉಳಿದ ಒಂಬತ್ತು ಎಲ್ಲಿವೆಯೋ ತಿಳಿಯದು. ನಿಮ್ಮ ಹಿತ್ತಲಿನಲ್ಲಿ ನಾಲ್ಕು ಬೆರಳು ಕಾಣುವ ತುಕ್ಕಿನ ಪೈಪಿದ್ದರೆ, ಅದು ಏಕಿದೆ ಎಂದು ಯಾರಿಗೂ ಗೊತ್ತಿರದಿದ್ದರೆ, ಅಥವಾ ಅದಕ್ಕೆ ನೀರು ಹಾಕುತ್ತಿದ್ದವರು ಈಗ ಇಲ್ಲದಿದ್ದರೆ, ದಯವಿಟ್ಟು ಪ್ರಕಾಶಕರ ವಿಳಾಸಕ್ಕೆ ನನ್ನ ಹೆಸರಿಗೆ ಬರೆಯಿರಿ. ಬರೆಯಲು ಕೂರುವ ಮುಂಚೆ, ಎದ್ದು ಹೋಗಿ ಅದಕ್ಕೊಂದು ತಂಬಿಗೆ ನೀರು ಹಾಕಿ ಬನ್ನಿ.